ಅವ್ವನ ಹೆಸರಿನ ಸಣ್ಣ ತಟ್ಟೆ

ಹೋದ ತಿಂಗಳು ದಾವಣಗೆರೆಯ ವಿದ್ಯಾನಗರದಲ್ಲಿ ಒಬ್ಬ ಡಯಟೀಷಿಯನ್ ಎದುರು ಕೂತಿದ್ದೆ. ನನ್ನ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ, ಅವಳ ಕೈಯಲ್ಲಿ ಪೆನ್ನು. ಅವಳು ನಾನು ಕಾಲೇಜಿನಲ್ಲಿ ಪಾಠ ಹೇಳಿದ ಹುಡುಗಿಯರಿಗಿಂತ ಚಿಕ್ಕವಳು. ಬೆಳಿಗ್ಗೆ ಏನು ತಿನ್ನುತ್ತೀರಿ, ಟಿವಿ ನೋಡುತ್ತ ಉಣ್ಣುತ್ತೀರಾ, ಮಂಡಕ್ಕಿ ಮಿರ್ಚಿ ವಾರಕ್ಕೆ ಎಷ್ಟು ಸಲ ಎಂದೆಲ್ಲ ಕೇಳಿ ಬರೆದುಕೊಂಡಳು. ಮಿರ್ಚಿಯ ವಿಷಯದಲ್ಲಿ ನಾನು ಅರ್ಧ ಸುಳ್ಳು ಹೇಳಿದೆ. ಅವಳಿಗೆ ಗೊತ್ತಾಯಿತು, ಆದರೆ ದೊಡ್ಡವಳೆಂದು ಸುಮ್ಮನಾದಳು. ಕೊನೆಗೆ ಪೆನ್ನು ಕೆಳಗಿಟ್ಟು ಹೇಳಿದಳು:

"ಮೇಡಂ, ನೀವು ಮೊದ್ಲು ತಟ್ಟೆ ಬದಲಾಯಿಸ್ರಿ. ದೊಡ್ಡ ತಟ್ಟೆ ಇದ್ರೆ ಕೈ ತಾನಾಗೇ ಜಾಸ್ತಿ ನೀಡ್ತೈತೆ. ಮನೇಲಿ ಸಣ್ಣ ತಟ್ಟೆ ಐತೇನ್ರಿ?"

ಇದೆ ಎಂದೆ. ಸ್ಟೀಲಿನದು, ಒಂದು ರೊಟ್ಟಿ ಮಡಚಿಟ್ಟರೆ ಪಲ್ಯಕ್ಕಷ್ಟೇ ಜಾಗ ಉಳಿಯುವಂಥದ್ದು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ 'ಗೌರಮ್ಮ' ಎಂದು ಕೊರೆದಿದೆ. ಅದು ನನ್ನ ಅವ್ವನ ಹೆಸರು. ಆ ತಟ್ಟೆಯಲ್ಲಿ ನಾನು ಈವರೆಗೆ ಒಂದೇ ಒಂದು ಸಲ ಉಂಡಿದ್ದೇನೆ. ಇದನ್ನೆಲ್ಲ ಆ ಹುಡುಗಿಗೆ ಹೇಳಲಿಲ್ಲ. ಸಿಟಿ ಬಸ್ಸು ಹಿಡಿದು ಮನೆಗೆ ಬಂದು, ಕಪಾಟಿನ ಮೇಲಿನ ಅರೆಯಿಂದ ತಟ್ಟೆಯನ್ನು ತೆಗೆದು ಒರೆಸಿ, ಮತ್ತೆ ಅಲ್ಲೇ ಇಟ್ಟೆ.

ನಾನು ಬೆಳೆದ ಮನೆ ಎಸ್.ಎಸ್. ಬಡಾವಣೆಯಲ್ಲಿತ್ತು. ಮುಂದೆ ಹಾಲ್, ಪಕ್ಕದಲ್ಲಿ ಅಜ್ಜಿಯ ಕೋಣೆ, ಅದಕ್ಕೆ ತಾಗಿ ದೇವರಮನೆ, ಹಿಂದೆ ಉದ್ದನೆಯ ಅಡುಗೆಮನೆ. ಊಟಕ್ಕೊಂದು ಬೇರೆ ಕೋಣೆ ಇರಲಿಲ್ಲ. ಅಡುಗೆಮನೆಯ ಅರ್ಧ ಭಾಗವೇ ನಮ್ಮ ಊಟದ ಜಾಗ. ಅಪ್ಪಾಜಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ ಇತ್ತು. ಹೀಗಾಗಿ ನಮ್ಮ ಮನೆಯಲ್ಲಿ ಮತ್ತೇನಕ್ಕೆ ಬರವಿದ್ದರೂ ತಟ್ಟೆ ಲೋಟಕ್ಕೆ ಇರಲಿಲ್ಲ. ಪ್ರತಿಯೊಬ್ಬರಿಗೂ ಹೆಸರು ಕೊರೆದ ಒಂದೊಂದು ತಟ್ಟೆ, ಅದನ್ನು ಇಡಲು ಒಂದೊಂದು ಅಡ್ಡಣಿಗೆ. ಮೂರು ಕಾಲಿನ ಆ ಪುಟ್ಟ ಪೀಠದ ಮೇಲೆ ತಟ್ಟೆ ಇಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತರೆ ಅದು ಊಟವಲ್ಲ, ಪ್ರಸಾದ. ತಟ್ಟೆಗೆ ಬಿದ್ದದ್ದನ್ನು ಬಿಡುವಂತಿಲ್ಲ. ಕೊನೆಯ ಅಗುಳು ಮುಗಿದ ಮೇಲೆ ತಟ್ಟೆಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಅಪ್ಪಾಜಿ ಕುಡಿದು ತಟ್ಟೆ ಕೆಳಗಿಟ್ಟರೆ ಅದು ಅಂಗಡಿಯಲ್ಲಿ ಮಾರಾಟಕ್ಕಿಟ್ಟ ತಟ್ಟೆಯಷ್ಟೇ ಸ್ವಚ್ಛವಾಗಿರುತ್ತಿತ್ತು.

ಈ ಕಟ್ಟಳೆಯ ಕಾವಲು ಅಜ್ಜಿಯದು. ಅಪ್ಪಾಜಿಯ ತಾಯಿ. ಒಣಗಿದ ದೇಹ, ಚುರುಕು ಕಣ್ಣು. ಎಷ್ಟು ಉಣ್ಣಬೇಕೆಂದು ಉಣ್ಣುವವರು ಹೇಳುವಂತಿರಲಿಲ್ಲ, ಅಜ್ಜಿ ಹೇಳುತ್ತಿದ್ದಳು. ನಾನು ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ, "ಬೆಳಿಯೋ ಹುಡುಗಿ, ಕೈ ತೆಗಿ. ನೀಡು ಗೌರಾ" ಎನ್ನುತ್ತಿದ್ದಳು. ಅವ್ವ ನೀಡುತ್ತಿದ್ದಳು. ಎರಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೇಲೆ ಗುಡ್ಡೆ ಅನ್ನ, ಸಾರು, ಮಜ್ಜಿಗೆಗೆ ಮತ್ತಷ್ಟು ಅನ್ನ. ನಾವು ಮೂವರೂ ಉಂಡು ಎದ್ದ ಮೇಲೆ ಅವ್ವ ಪಾತ್ರೆಗಳ ನಡುವೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಉಳಿದದ್ದನ್ನೆಲ್ಲ ಮುಗಿಸುವುದು ಅವಳ ಪಾಲಿನ ಕೆಲಸ. ಒಂದು ಸೌಟು ಸಾರು ಉಳಿದರೆ ಅದಕ್ಕೆಂದೇ ಒಂದಿಷ್ಟು ಅನ್ನ ಕಲಸಿಕೊಳ್ಳುತ್ತಿದ್ದಳು, ಅನ್ನ ಉಳಿದರೆ ಅದಕ್ಕೆ ಚಟ್ನಿ. ಅವಳು ದಪ್ಪಗಿದ್ದಳು. ಎಲ್ಲರೂ ಅದನ್ನು ಅವಳ ಮುಂದೆಯೇ ಹೇಳುತ್ತಿದ್ದರು, ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ಅವಳಿಗೆ ಬೇಸರವಾಗುತ್ತಿತ್ತೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ನನಗೇ ಬೇಸರವಾಗುವವರೆಗೆ ಅದರ ಬಗ್ಗೆ ಯೋಚಿಸಿರಲೇ ಇಲ್ಲ.

ಬೇಸರವಾದದ್ದು ಏಳನೇ ಕ್ಲಾಸಿನಲ್ಲಿ. ಶಾಲೆಯಲ್ಲಿ ತಂದೆ-ತಾಯಿಯರ ಸಭೆ. ಅಪ್ಪಾಜಿಗೆ ಅಂಗಡಿ ಬಿಟ್ಟು ಬರಲಾಗದೆ ಅವ್ವ ಬಂದಳು. ಹಸಿರು ಇಳಕಲ್ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ಖುಷಿಯಿಂದ ಬಂದಿದ್ದಳು. ನಮ್ಮ ಕ್ಲಾಸಿನ ಬೆಂಚು ಡೆಸ್ಕು ಒಂದಕ್ಕೊಂದು ಸೇರಿಸಿ ಮೊಳೆ ಹೊಡೆದಂಥವು. ಅವ್ವ ಕೂರುವಾಗ ಹೇಗೋ ಕೂತಳು, ಏಳುವಾಗ ಸಿಕ್ಕಿಕೊಂಡಳು. ಇಬ್ಬರು ಹುಡುಗಿಯರು ಕೈ ಹಿಡಿದು ಎಳೆಯಬೇಕಾಯಿತು. ಕ್ಲಾಸು ನಕ್ಕಿತು, ಟೀಚರು ನಗು ತಡೆದುಕೊಂಡರು, ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳ ನಗೆಯೇ ನನಗೆ ಸಹಿಸಲಾಗಲಿಲ್ಲ. ಮರುದಿನ ಪಕ್ಕದ ಬೆಂಚಿನ ಹುಡುಗಿ ನನ್ನ ಬುತ್ತಿಯ ಡಬ್ಬಿ ನೋಡಿ, "ಇಷ್ಟೊಂದು ತಿಂತೀಯಾ? ನೋಡು, ನೀನೂ ನಿಮ್ಮವ್ವನಂಗೇ ಆಕ್ತೀಯ" ಎಂದಳು. ಅವಳು ಕೆಟ್ಟ ಹುಡುಗಿಯಲ್ಲ. ಕಂಡದ್ದನ್ನು ಹೇಳಿದಳು. ನಾನು ಮನೆಗೆ ಬಂದು ಅಜ್ಜಿಯ ಕೋಣೆಯ ಕನ್ನಡಿಯಲ್ಲಿ ನನ್ನನ್ನು ಮುಂದಿನಿಂದ, ಪಕ್ಕದಿಂದ ನೋಡಿಕೊಂಡೆ. ಅವ್ವನ ಗಲ್ಲ, ಅವ್ವನ ತೋಳು. ಅಂದು ಅವ್ವ ತಲೆ ಬಾಚಲು ಕರೆದರೆ ಹೋಗಲಿಲ್ಲ.

ಅದೇ ವಾರ ಪೇಪರಿನ ಮಹಿಳಾ ಪುಟದಲ್ಲಿ ಒಂದು ಲೇಖನ ಬಂದಿತ್ತು, ಮೈ ಕರಗಿಸಲು ಏನು ಮಾಡಬೇಕೆಂದು. ಹಸಿವು ಇನ್ನೂ ಸ್ವಲ್ಪ ಇರುವಾಗಲೇ ಊಟದಿಂದ ಏಳಿ. ನಿಧಾನವಾಗಿ ಅಗಿಯಿರಿ. ಬಡಿಸಿದ್ದರಲ್ಲಿ ಅರ್ಧ ಮಾತ್ರ ಉಣ್ಣಿ. ಅದನ್ನು ಕತ್ತರಿಸಿ ನನ್ನ ಪುಸ್ತಕದ ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದೆ. ಬರೆದವರು ಯಾರೋ, ಅವರಿಗೆ ನಮ್ಮ ಮನೆಯ ಅಜ್ಜಿ ಗೊತ್ತಿರಲಿಲ್ಲ. ಅರ್ಧ ಉಣ್ಣುವುದೇನೋ ಸರಿ, ಉಳಿದರ್ಧ ಎಲ್ಲಿ ಹೋಗಬೇಕು? ನಾನು ಉಪಾಯ ಕಂಡುಕೊಂಡೆ. ಬಹಳ ನಿಧಾನವಾಗಿ ಅಗಿಯತೊಡಗಿದೆ. ಅಪ್ಪಾಜಿ ಎದ್ದು ಹೋಗುತ್ತಿದ್ದರು. ಅಜ್ಜಿ ಸ್ವಲ್ಪ ಹೊತ್ತು ಕಾದು, "ಬೆಳಗಾಗೋತನಕ ಅಗಿ" ಎಂದು ಗೊಣಗಿ ಕೋಣೆಗೆ ಹೋಗುತ್ತಿದ್ದಳು. ಆಗ ನಾನು ಅರ್ಧ ಉಳಿದ ತಟ್ಟೆಯನ್ನು ಅವ್ವನ ಕಡೆ ಸರಿಸುತ್ತಿದ್ದೆ. ಮೊದಲ ದಿನ ಅವ್ವ ಗಾಬರಿಯಾದಳು.

"ಯಾಕವ್ವ ಸುಮಾ, ಮೈಯಾಗ ಹುಷಾರಿಲ್ಲೇನು?"

"ಬ್ಯಾಡ ಅಷ್ಟೇ. ಚೆಲ್ಲಿಬಿಡು."

"ಪ್ರಸಾದ ಚೆಲ್ತಾರೇನು? ಇಟ್ಟು ಹೋಗು. ಅಜ್ಜಿ ಮುಂದೆ ಹೇಳಬ್ಯಾಡ."

ಅವಳು ನನ್ನ ತಟ್ಟೆಯನ್ನು ಒಲೆಕಟ್ಟೆಯ ಮೇಲಿಟ್ಟು, ಬಾಗಿಲಿನ ಕಡೆ ಒಂದು ಕಣ್ಣಿಟ್ಟು, ನಿಂತೇ ಬೇಗ ಬೇಗ ಉಂಡು, ತೊಳೆದು ಕುಡಿದು, ತಟ್ಟೆಯನ್ನು ನನ್ನ ಅಡ್ಡಣಿಗೆಯ ಮೇಲೆ ತಂದಿಟ್ಟಳು. ಅಜ್ಜಿ ನೀರು ಕುಡಿಯಲು ಬಂದವಳು ಅದನ್ನು ನೋಡಿ, "ಹ್ಞಾ, ಹಿಂಗೆ ಉಣಬೇಕು" ಎಂದಳು. ಅವ್ವ ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಅಂದಿನಿಂದ ಅದು ನಮ್ಮಿಬ್ಬರ ಗುಟ್ಟಾಯಿತು. ನಿಜ ಹೇಳಬೇಕೆಂದರೆ ನನಗೆ ಅದು ಖುಷಿ ಕೊಡುತ್ತಿತ್ತು. ನಾಲ್ಕು ತಿಂಗಳಲ್ಲಿ ನನ್ನ ಲಂಗದ ಸೊಂಟ ಸಡಿಲವಾಯಿತು. ಪಕ್ಕದ ಬೆಂಚಿನ ಹುಡುಗಿ ಅದನ್ನು ಗಮನಿಸಿದಳು.

ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವ್ವ ಹಿತ್ತಲಿನ ನಲ್ಲಿಯ ಹತ್ತಿರ ತಲೆ ಸುತ್ತಿ ಕೂತಳು. ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಾತ್ರೆಗಿಂತ ಬಾಯಿ ಕಟ್ಟುವುದು ಮುಖ್ಯ ಎಂದರಂತೆ. ಅಪ್ಪಾಜಿ ಆ ಸಂಜೆ ಅಂಗಡಿಯಿಂದ ಒಂದು ಸಣ್ಣ ತಟ್ಟೆ ತಂದರು. ಹೆಸರು ಕೊರೆಸಿಯೇ ತಂದಿದ್ದರು. ಅವರು ಕೆಟ್ಟ ಮನುಷ್ಯರಲ್ಲ, ಅವರಿಗೆ ಗೊತ್ತಿದ್ದ ರೀತಿಯಲ್ಲಿ ಹೆಂಡತಿಯನ್ನು ಉಳಿಸಿಕೊಳ್ಳಲು ಹೊರಟಿದ್ದರು. "ಇದರಾಗ ಎಷ್ಟು ಹಿಡಿತೈತೋ ಅಷ್ಟೇ, ಗೌರಾ. ಎರಡನೇ ಸಲ ನೀಡ್ಕೊಳ್ಳಂಗಿಲ್ಲ" ಎಂದರು. ಇನ್ನು ಮುಂದೆ ಅವ್ವ ಕೊನೆಗೆ ಉಣ್ಣುವುದು ಬೇಡ, ನಮ್ಮ ಜೊತೆಯಲ್ಲೇ ಎಲ್ಲರ ಕಣ್ಣ ಮುಂದೆ ಉಣ್ಣಬೇಕು, ಪಾತ್ರೆಯಲ್ಲಿ ಉಳಿದದ್ದು ಕೆಲಸದ ಬಸಮ್ಮನಿಗೆ ಎಂದು ತೀರ್ಮಾನವಾಯಿತು. ನಾನು ಬಣ್ಣದ ಪೆನ್ಸಿಲಿನಲ್ಲಿ ಒಂದು ಚಾರ್ಟು ಬರೆದು ಅಡುಗೆಮನೆಯ ಗೋಡೆಗೆ ಹಚ್ಚಿದೆ. ರೊಟ್ಟಿ ಒಂದು, ಅನ್ನ ಒಂದು ಸೌಟು, ಸಕ್ಕರೆ ಇಲ್ಲ, ಕರಿದದ್ದು ಇಲ್ಲ. ಅಪ್ಪಾಜಿ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿ ನನ್ನನ್ನು ಸಣ್ಣ ಡಾಕ್ಟರು ಎಂದು ಕರೆದರು.

ಅನ್ನ ಒಂದು ಸೌಟು ಎಂದು ಬರೆದವಳು ನಾನೇ. ಅರ್ಧ ಗುಡ್ಡೆ ಅನ್ನ ಉಳಿದ ನನ್ನ ತಟ್ಟೆಯನ್ನು ಅಂದೂ ಅವ್ವನ ಕಡೆ ಸರಿಸಿದವಳೂ ನಾನೇ. ಎಂಜಲನ್ನು ಬಸಮ್ಮನಿಗೆ ಕೊಡುವಂತಿರಲಿಲ್ಲ, ಚೆಲ್ಲುವಂತಿರಲಿಲ್ಲ, ಅಜ್ಜಿಗೆ ತೋರಿಸುವಂತಂತೂ ಇರಲೇ ಇಲ್ಲ. ಅವ್ವ ತನ್ನ ಸಣ್ಣ ತಟ್ಟೆಯಲ್ಲಿ ಎಲ್ಲರೆದುರು ಒಂದು ರೊಟ್ಟಿ, ಒಂದು ಸೌಟು ಅನ್ನ ಉಂಡು, ತೊಳೆದು ಕುಡಿದು ಏಳುತ್ತಿದ್ದಳು. ಹತ್ತು ನಿಮಿಷದ ಮೇಲೆ ಒಲೆಕಟ್ಟೆಯ ಹತ್ತಿರ ನಿಂತು ನನ್ನ ಅರ್ಧವನ್ನು ಮುಗಿಸುತ್ತಿದ್ದಳು. ಹದಿಮೂರು ವರ್ಷದ ಹುಡುಗಿಗೆ ಇಷ್ಟು ತಿಳಿಯುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ತಿಳಿಯುತ್ತದೆ. ನನಗೆ ತಿಳಿದಿತ್ತು. ತಿಳಿದದ್ದನ್ನು ಒಂದು ಕಡೆ ಸರಿಸಿಟ್ಟು ಪುಸ್ತಕ ಓದಲು ಹೋಗುತ್ತಿದ್ದೆ.

ಎರಡನೇ ಪರೀಕ್ಷೆಯಲ್ಲಿ ಸಕ್ಕರೆ ಇಳಿಯಲಿಲ್ಲ. ಮೂರನೆಯದರಲ್ಲಿ ಏರಿತ್ತು. ಅಂದು ಭಾನುವಾರ, ಮಧ್ಯಾಹ್ನ. ಅಪ್ಪಾಜಿ ಹಾಲ್‌ನಲ್ಲಿ ಚೀಟಿ ಹಿಡಿದು ಕೂತಿದ್ದರು. ಅಜ್ಜಿ ಕೋಣೆಯ ಹೊಸ್ತಿಲಲ್ಲಿ. ಅವ್ವ ಗೋಡೆಗೆ ಒರಗಿ ನಿಂತಿದ್ದಳು.

"ಗೌರಾ, ಡಾಕ್ಟ್ರು ನನಗೆ ಬಯ್ದು ಕಳಿಸ್ಯಾರೆ. ಆ ತಟ್ಟೇಲಿ ಉಂಡೋರಿಗೆ ಇದು ಹಿಂಗೆ ಏರಾಂಗಿಲ್ಲ ಅಂದ್ರು. ಎಲ್ಲಿ ತಿಂತೀಯ, ಹೇಳಿಬಿಡು."

"ಎಲ್ಲೂ ಇಲ್ರಿ."

"ಎಲ್ಲೂ ಇಲ್ದೆ ಗಾಳಿ ಕುಡಿದು ಏರ್ತೈತೇನು?" ಎಂದಳು ಅಜ್ಜಿ.

ಅಪ್ಪಾಜಿ ನನ್ನ ಕಡೆ ತಿರುಗಿದರು. "ಸುಮಾ, ನೀನು ಮನೇಲೇ ಇರ್ತೀಯಲ್ಲ. ಏನಾದ್ರೂ ನೋಡೀಯೇನವ್ವ?"

ಅವ್ವ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಹೇಳು ಎಂದೂ ಇರಲಿಲ್ಲ, ಹೇಳಬೇಡ ಎಂದೂ ಇರಲಿಲ್ಲ. ನಾನು ನಿಜ ಹೇಳಿದ್ದರೆ ಏನಾಗುತ್ತಿತ್ತು? ಒಂದು ವರ್ಷದಿಂದ ಪ್ರಸಾದ ಬಿಟ್ಟ ಹುಡುಗಿ ಎಂದು ಅಜ್ಜಿ ನಾಲ್ಕು ಬಡಿಯುತ್ತಿದ್ದಳು. ನನ್ನ ಎದುರೇ ಕೂತು ಎರಡು ರೊಟ್ಟಿ, ಗುಡ್ಡೆ ಅನ್ನ ಪೂರ್ತಿ ಉಣ್ಣಿಸುತ್ತಿದ್ದಳು. ಅಷ್ಟೇ. ಆ ಎರಡಕ್ಕೆ ಹೆದರಿ ನಾನು ಹೀಗೆ ಹೇಳಿದೆ:

"ನಾವೆಲ್ಲ ಎದ್ದ ಮ್ಯಾಲೆ ಅವ್ವ ಅಡುಗೆಮನೇಲಿ ನಿಂತ್ಕೊಂಡು ತಿಂತಾಳೆ, ಅಪ್ಪಾಜಿ. ನಾನು ನೋಡೀನಿ."

ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಇಷ್ಟು ವರ್ಷ ನಾನು ನನಗೆ ಹೇಳಿಕೊಂಡ ಸಮಾಧಾನ ಅದೊಂದೇ. ಅಪ್ಪಾಜಿ ಚೀಟಿ ಮಡಚಿದರು. ಅಜ್ಜಿ ಹಣೆ ಹಣೆ ಬಡಿದುಕೊಂಡಳು. ಅವ್ವ ಸೆರಗು ಸರಿ ಮಾಡಿಕೊಂಡು, "ಹೌದ್ರಿ, ತಿಂದೀನಿ. ಹಸಿವು ತಡಿಯಾಕ ಆಗಲ್ಲ ನನಗೆ" ಎಂದಳು. ನನ್ನ ಕಡೆ ಮತ್ತೆ ನೋಡಲಿಲ್ಲ. ಅಂದು ಸಂಜೆಯ ಊಟದಲ್ಲಿ ನಾನು ಪೂರ್ತಿ ಉಣ್ಣಬೇಕೆಂದುಕೊಂಡಿದ್ದೆ, ಆದರೆ ಅಳು ಬಂದು ಅರ್ಧಕ್ಕೇ ನಿಲ್ಲಿಸಿದೆ. ಅಪ್ಪಾಜಿ, ಅಜ್ಜಿ ಎದ್ದರು. ಅವ್ವ ತಾನೇ ಬಂದು ನನ್ನ ತಟ್ಟೆ ಎತ್ತಿಕೊಂಡು, "ಹೋಗು, ಓದ್ಕೋ ಹೋಗು. ಅಜ್ಜಿ ಬಂದಾಳು" ಎಂದಳು.

ಮರುದಿನ ಅಡುಗೆಮನೆಯ ಜಾಲರಿ ಕಪಾಟಿಗೆ ಬೀಗ ಬಂತು. ಸಕ್ಕರೆ, ಬೆಲ್ಲ, ಶೇಂಗಾ ಉಂಡೆ, ಅವಲಕ್ಕಿ ಡಬ್ಬ ಎಲ್ಲ ಅದರೊಳಗೆ. ಬೀಗದ ಕೈ ನನ್ನ ಹತ್ತಿರ. ಸತ್ಯ ಹೇಳಿದ್ದಕ್ಕೆ ಸಿಕ್ಕ ಬಹುಮಾನ. ನಾನು ಅದನ್ನು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮನೆಗೆ ಯಾರಾದರೂ ಬಂದರೆ ಅವ್ವ ನನ್ನ ಓದುವ ಮೇಜಿನ ಹತ್ತಿರ ಬಂದು, ಬಂದವರಿಗೆ ಕೇಳಿಸದಂತೆ, "ಬೀಗದ ಕೈ ಕೊಡವ್ವ, ಚಾಕ್ಕೆ ಸಕ್ಕರೆ ಬೇಕು" ಎನ್ನುತ್ತಿದ್ದಳು. ನಾನು ಎದ್ದು ಹೋಗಿ, ಬೀಗ ತೆಗೆದು, ನಾನೇ ಸಕ್ಕರೆ ಹಾಕಿ, ಮತ್ತೆ ಬೀಗ ಹಾಕುತ್ತಿದ್ದೆ. ಸ್ವಂತ ಅಡುಗೆಮನೆಯಲ್ಲಿ ಅವಳು ಪಕ್ಕಕ್ಕೆ ಸರಿದು ನನಗೆ ದಾರಿ ಬಿಡುತ್ತಿದ್ದಳು. ಸಂಜೆಯ ತಟ್ಟೆ ಮಾತ್ರ ಎಂದಿನಂತೆ ನಡೆದಿತ್ತು. ಅದಕ್ಕೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಆಮೇಲೆ ಅಪ್ಪಾಜಿ ಬೇಸತ್ತು ಅವ್ವನನ್ನು ಎರಡು ತಿಂಗಳು ಹರಿಹರಕ್ಕೆ ಕಳಿಸಿದರು. ಅಲ್ಲಿ ಅವ್ವನ ತಂಗಿ ಶಾರದಾ, ನನಗೆ ಸಣ್ಣವ್ವ. ಪ್ರೈಮರಿ ಶಾಲೆಯ ಟೀಚರು. ಮಕ್ಕಳಿಲ್ಲ, ಹೊಳೆಗೆ ಹತ್ತಿರ ಎರಡು ಕೋಣೆಯ ಮನೆ. ಅವಳ ಮಾತೂ ಅಡುಗೆಯೂ ಅಳತೆಯಲ್ಲಿ ಇರುತ್ತಿದ್ದವು. "ಇಲ್ಲಿದ್ರೆ ಇವಳು ಬಾಯಿ ಕಟ್ಟಾಂಗಿಲ್ಲ. ಶಾರದಾ ಆದ್ರೆ ಬಿಡಾಂಗಿಲ್ಲ" ಎಂದು ಅಪ್ಪಾಜಿ ಅಜ್ಜಿಗೆ ಹೇಳಿದ್ದು ನನಗೆ ಕೇಳಿಸಿತ್ತು. ಅವ್ವ ಸಣ್ಣ ತಟ್ಟೆಯನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದಳು. ಆ ಎರಡು ತಿಂಗಳು ಬಸಮ್ಮ ಅಡುಗೆ ಮಾಡಿದಳು, ಅಜ್ಜಿ ನನ್ನ ಪಕ್ಕದಲ್ಲೇ ಕೂತು ನನ್ನ ತಟ್ಟೆ ಖಾಲಿಯಾಗುವವರೆಗೆ ಕಾದಳು. ಸರಿಸಲು ಆ ಕಡೆ ಯಾರೂ ಇಲ್ಲದೆ ನಾನು ಪೂರ್ತಿ ಉಂಡೆ. ಲಂಗದ ಹುಕ್ಕು ಮತ್ತೆ ಬಿಗಿಯಾಯಿತು.

ಪ್ರತಿ ಭಾನುವಾರ ಅಪ್ಪಾಜಿ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವ್ವ ವಾರದಿಂದ ವಾರಕ್ಕೆ ಇಳಿಯುತ್ತಿದ್ದಳು. ಬೆಳಿಗ್ಗೆ ಹೊಳೆಯ ದಂಡೆಯ ಮೇಲೆ ನಡೆಯುತ್ತಾಳಂತೆ, ಸಂಜೆ ಸಣ್ಣವ್ವನ ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾಳಂತೆ. ಒಂದು ಭಾನುವಾರ ಬಾಗಿಲಲ್ಲೇ ನನ್ನ ಕೈ ಹಿಡಿದು, "ನೋಡಿಲ್ಲಿ ಸುಮಾ, ಬಳಿ ಸಡ್ಲ ಆಗ್ಯಾವೆ" ಎಂದು ಬಳೆಗಳನ್ನು ಮೊಣಕೈವರೆಗೆ ಏರಿಸಿ ತೋರಿಸಿದಳು. ನಾನು ಮೆಚ್ಚಲಿ ಎಂಬ ಆಸೆ ಅವಳ ಮುಖದ ತುಂಬ ಇತ್ತು. ನನ್ನ ಅವ್ವ ನನ್ನ ಶಾಲೆಯ ಬೆಂಚಿನಲ್ಲಿ ಸಲೀಸಾಗಿ ಕೂತು ಏಳಬೇಕೆಂದು ಅಷ್ಟು ಕಷ್ಟಪಡುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಪರೀಕ್ಷೆಯಲ್ಲಿ ಸಕ್ಕರೆಯೂ ಇಳಿದಿತ್ತು. ಅಪ್ಪಾಜಿ ಅಂದು ಸಣ್ಣವ್ವನಿಗೆ ಕೈ ಮುಗಿದರು.

ಊಟವಾದ ಮೇಲೆ ಅಪ್ಪಾಜಿ ಸಣ್ಣವ್ವನ ಗಂಡನ ಜೊತೆ ಪೇಟೆಗೆ ಹೋದರು. ನಾವು ಮೂವರೇ ಇದ್ದೆವು. ಸಣ್ಣವ್ವ ನನ್ನನ್ನು ನೇರವಾಗಿ ನೋಡಿ ಕೇಳಿದಳು:

"ಸುಮಾ, ನಾನೇನು ಕಾವಲು ಕಾಯಲ್ಲ, ಬೆಳಗಾದ್ರೆ ಸಾಲಿಗೆ ಹೋಗ್ತೀನಿ. ಕಪಾಟಿಗೆ ಬೀಗ ಹಾಕಿಲ್ಲ. ಬೆಲ್ಲದ ಡಬ್ಬಿ ಅಲ್ಲೇ ಐತೆ. ಗೌರಕ್ಕ ಮುಟ್ಟಿಲ್ಲ. ಇಲ್ಲಿ ಇಷ್ಟೇ ಉಂಡು ಅರಾಮ ಇರೋಳು ಅಲ್ಲಿ ಯಾಕ ಕದ್ದು ತಿಂತಾಳೆ? ನೀನು ನೋಡೀಯಂತಲ್ಲ, ಏನು ತಿಂತಿದ್ಲು ಹೇಳು."

ಏನು ತಿನ್ನುತ್ತಿದ್ದಳು ಎಂದು ನನ್ನನ್ನು ಕೇಳಿದವರು ಅವಳೊಬ್ಬಳೇ. ಉಳಿದವರಿಗೆ ಅವಳು ತಿಂದಳೆಂಬುದೇ ಸಾಕಾಗಿತ್ತು. ನಾನು ಚಾಪೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕೂತೆ. ಇನ್ನು ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವ್ವ ನಡುವೆ ಬಂದಳು.

"ಹುಡುಗೀನ ಯಾಕ ಕೇಳ್ತೀಯ ಶಾರಿ? ಅಲ್ಲಿ ಕೈಗೆ ಸಿಕ್ಕಿದ್ದು ತಿಂತಿದ್ದೆ. ನನ್ನ ನಾಲಿಗಿ ಅಷ್ಟು ಕೆಟ್ಟದ್ದು. ಇಲ್ಲಿ ನಿನ್ನ ಅಂಜಿಕಿಗೆ ಸುಮ್ನಿದೀನಿ."

ಸಣ್ಣವ್ವ ಅಕ್ಕನನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಎದ್ದು ಪಾತ್ರೆ ತೊಳೆಯಲು ಹೋದಳು. ಬಸ್ಸಿನಲ್ಲಿ ದಾವಣಗೆರೆಗೆ ಬರುವಾಗ ನಾನು ಕಿಟಕಿಗೆ ತಲೆಯಿಟ್ಟು ಒಂದು ಆಣೆ ಮಾಡಿದೆ. ಅವ್ವ ಮನೆಗೆ ಬಂದ ಮೇಲೆ ನನ್ನ ತಟ್ಟೆ ನಾನೇ ಮುಗಿಸುತ್ತೇನೆ, ದಪ್ಪಗಾದರೆ ಆಗಲಿ ಎಂದು.

ಅವ್ವ ಬಂದಳು. ಮೊದಲ ಸಂಜೆ ಮನೆಯಲ್ಲಿ ಹಬ್ಬದ ಹಾಗಿತ್ತು. ಅವ್ವ ತಾನೇ ಒಲೆ ಮುಂದೆ ನಿಂತು ರೊಟ್ಟಿ ಬಡಿದಳು. ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಅನ್ನ, ಬೇಳೆ ಸಾರು. ನಾಲ್ಕು ಜನ ನಾಲ್ಕು ಅಡ್ಡಣಿಗೆ ಹಾಕಿಕೊಂಡು ಕೂತೆವು. ಅಜ್ಜಿ ಸೊಸೆಯ ಸೊಂಟ ನೋಡಿ ಮೊದಲ ಸಲ ಒಂದು ಒಳ್ಳೆಯ ಮಾತಾಡಿದಳು. ಅವ್ವ ಸಣ್ಣ ತಟ್ಟೆಯಲ್ಲಿ ಉಂಡು, ತೊಳೆದು ಕುಡಿದಳು. ಅಪ್ಪಾಜಿ ಎದ್ದರು, ಅಜ್ಜಿ ಎದ್ದಳು. ನನ್ನ ತಟ್ಟೆಯಲ್ಲಿ ಅರ್ಧ ಗುಡ್ಡೆ ಅನ್ನ ಇತ್ತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ ಎಂದು ಹೇಳಲಾರೆ, ಇತ್ತು. ಎರಡು ತಿಂಗಳಿಂದ ಬಿಗಿಯಾದ ಹುಕ್ಕು ಸೊಂಟಕ್ಕೆ ಒತ್ತುತ್ತಿತ್ತು. ಮರುದಿನ ಶಾಲೆಯಲ್ಲಿ ಬಣ್ಣದ ಡ್ರೆಸ್ಸಿನ ದಿನ. ಇವತ್ತೊಂದು ದಿನ, ನಾಳೆಯಿಂದ ಖಂಡಿತ ಎಂದುಕೊಂಡೆ. ತಟ್ಟೆ ಸರಿಸಿದೆ. ಅವ್ವ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಒಂದು ಮಾತು, ಬೇಡ ಎಂಬ ಒಂದು ಮಾತು ಆಡಿದ್ದರೆ ನಾನು ಉಣ್ಣುತ್ತಿದ್ದೆ. ಅವಳು ಆಡಲಿಲ್ಲ. ಸಡಿಲವಾದ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡು ನನ್ನ ಅನ್ನ ಕಲಸಿದಳು.

ನಾಳೆ ಬರಲಿಲ್ಲ. ಹತ್ತನೇ ಕ್ಲಾಸು ಮುಗಿಯುವವರೆಗೂ ಹಾಗೇ ನಡೆಯಿತು. ಪಿಯುಸಿ ಓದಲು ಹಾಸ್ಟೆಲಿಗೆ ಹೋದ ಮೇಲೆ ನನ್ನ ತಟ್ಟೆ ಅವಳಿಂದ ದೂರವಾಯಿತು, ಅಷ್ಟರಲ್ಲಿ ಕಾಯಿಲೆ ಒಳಗೆ ಮಾಡುವುದನ್ನೆಲ್ಲ ಮಾಡಿತ್ತು. ಚಪ್ಪಲಿ ಕಚ್ಚಿದ ಗಾಯ ಮಾಯದೆ ಎಡಗಾಲಿನ ಎರಡು ಬೆರಳು ತೆಗೆದರು. ಆಮೇಲೆ ಕಣ್ಣು ಮಂಜಾಯಿತು. ನನ್ನ ಮದುವೆಯಲ್ಲಿ ಅವಳು ಕುರ್ಚಿಯಲ್ಲಿ ಕೂತೇ ಅಕ್ಷತೆ ಹಾಕಿದಳು. ಕೊನೆಗೆ ಕಿಡ್ನಿ. ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ನಾಲ್ಕು ತಾಸು ಅವಳ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗುತ್ತದೆ? ಎಷ್ಟೋ ಸಲ 'ಅವ್ವಾ' ಎಂದು ಶುರು ಮಾಡಿದೆ. ಪ್ರತಿ ಸಲ ಅವಳು ಕಣ್ಣು ತೆರೆದು, "ನಿಂದು ಊಟ ಆತೇನವ್ವ?" ಎನ್ನುತ್ತಿದ್ದಳು. ಆತು ಎನ್ನುತ್ತಿದ್ದೆ.

ಅವ್ವ ಹೋದಾಗ ಬಂದವರೆಲ್ಲ ಒಂದೇ ಮಾತಾಡಿದರು. ಒಳ್ಳೆಯ ಜೀವ, ಆದರೆ ಬಾಯಿ ಕಟ್ಟಲಿಲ್ಲ. ಶಿವಗಣಾರಾಧನೆಯ ದಿನ ಪೆಂಡಾಲಿನಲ್ಲಿ ಅಪ್ಪಾಜಿ ಯಾರಿಗೋ ಹೇಳುತ್ತಿದ್ದರು, "ತಟ್ಟಿ ಸಣ್ಣದು ತಂದುಕೊಟ್ಟೆ, ಬೀಗ ಹಾಕಿಸಿದೆ, ತಂಗಿ ಮನೀಗೆ ಕಳಿಸಿದೆ. ನಾಲಿಗಿ ಗೆಲ್ಲಾಕ ಆಗ್ಲಿಲ್ಲ ಆಕಿಗೆ." ಅವರ ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷ ಅವರು ಹಾಗೆ ನಂಬಿದ್ದರು. ಅಜ್ಜಿ ಹಾಗೆ ನಂಬಿಕೊಂಡೇ ಸತ್ತಿದ್ದಳು. ನನ್ನ ಅವ್ವ ಸತ್ತ ಮೇಲೂ ಆ ಮನೆಯಲ್ಲಿ ಕಳ್ಳಿಯಾಗಿಯೇ ಉಳಿದಿದ್ದಳು.

ಬಂದವರೆಲ್ಲ ಉಂಡು ಹೋದ ಮೇಲೆ ಕೊನೆಯ ಪಂಕ್ತಿಗೆ ನಾವು ಅಡುಗೆಮನೆಯಲ್ಲಿ ಕೂತೆವು. ಅಪ್ಪಾಜಿ ಎದುರಿಗೆ, ನಾನು ಮತ್ತು ಸಣ್ಣವ್ವ ಈ ಕಡೆ. ದೊಡ್ಡ ತಟ್ಟೆಗಳೆಲ್ಲ ತೊಳೆಯಲು ಬಿದ್ದಿದ್ದವು. ಬಡಿಸಲು ಬಂದ ಹೆಂಗಸು ಕಪಾಟಿನಲ್ಲಿ ಸಿಕ್ಕ ತಟ್ಟೆಗಳನ್ನು ತಂದಿಟ್ಟಳು. ನನ್ನ ಅಡ್ಡಣಿಗೆಯ ಮೇಲೆ ಬಂದದ್ದು ಅವ್ವನ ಸಣ್ಣ ತಟ್ಟೆ. ಒಂದು ಹೋಳಿಗೆ, ಒಂದು ಸೌಟು ಅನ್ನಕ್ಕೆ ಅದು ತುಂಬಿತು. ನಾಲ್ಕು ತುತ್ತು ಉಂಡೆ. ಐದನೆಯದು ಇಳಿಯಲಿಲ್ಲ. ಕೈ ತಟ್ಟೆಯಲ್ಲೇ ಬಿಟ್ಟು ಕೂತೆ. ಸಣ್ಣವ್ವ ತನ್ನ ಊಟ ಮುಗಿಸಿ, ತಟ್ಟೆ ತೊಳೆದು ಕುಡಿದು, ನನ್ನ ಕಡೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ಕೊಡು ಇಲ್ಲಿ. ನೀ ಬಿಟ್ಟಿದ್ದು ಉಣ್ಣೋಳು ಹೋದ್ಲು. ಇವತ್ತೊಂದು ದಿನ ನಾ ಉಣ್ತೀನಿ."

ಅಪ್ಪಾಜಿಯ ತುತ್ತು ಬಾಯಿಯ ಹತ್ತಿರ ನಿಂತಿತು.

"ನಿಮಗೆ ಗೊತ್ತಿತ್ತೇನು ಸಣ್ಣವ್ವ?"

"ಹರಿಹರದಾಗೇ ಗೊತ್ತಾತು. ಅವತ್ತು ನಿನ್ನ ಮುಖ ನೋಡಿದ ಮ್ಯಾಲೆ ಗೌರಕ್ಕನ್ನ ಬಿಡದೆ ಕೇಳಿದೆ. ಅತ್ತುಬಿಟ್ಲು. ಆಣಿ ಹಾಕಿಸ್ಕೊಂಡ್ಲು, ಯಾರ ಮುಂದೂ ಹೇಳಬ್ಯಾಡ ಅಂತ. ಹುಡುಗಿ ತಿಳೀದೆ ಮಾಡೈತೆ, ನಾಳೆ ತಿಳಿದ್ರೆ ತಾನೇ ಉಣ್ತಾಳೆ ಅಂದ್ಲು."

"ತಿಳಿದೇ ಮಾಡಿದ್ದೆ" ಎಂದೆ.

ಮೆಲ್ಲಗೆ ಹೇಳಬಹುದಿತ್ತು. ಅಪ್ಪಾಜಿಗೆ ಕೇಳಲಿ ಎಂದು ಮತ್ತೊಮ್ಮೆ ಹೇಳಿದೆ. "ಅವ್ವ ಏನೂ ಕದ್ದು ತಿಂದಿಲ್ಲ, ಅಪ್ಪಾಜಿ. ನಾನು ಬಿಟ್ಟಿದ್ದು ತಿಂದ್ಲು. ನನಗೆ ಗೊತ್ತಿತ್ತು."

ಅಪ್ಪಾಜಿ ಕೈಯಲ್ಲಿದ್ದ ತುತ್ತನ್ನು ನಿಧಾನವಾಗಿ ತಟ್ಟೆಗೆ ಇಳಿಸಿದರು. ಗೋಡೆಯ ಮೇಲೆ, ನಾನು ಬರೆದ 'ಅನ್ನ ಒಂದು ಸೌಟು' ಚಾರ್ಟು ಹಚ್ಚಿದ್ದ ಜಾಗದಲ್ಲಿ, ಅಂಟಿನ ನಾಲ್ಕು ಕಲೆ ಇನ್ನೂ ಇದ್ದವು. ಅವರು ಅಲ್ಲೇ ನೋಡುತ್ತಿದ್ದರು. ಸಣ್ಣವ್ವ ನನ್ನ ಅನ್ನ ಕಲಸಲು ಬೆರಳು ಇಟ್ಟಿದ್ದಳು. ಅದನ್ನು ಹಿಂದಕ್ಕೆ ತೆಗೆದು, ತಟ್ಟೆಯನ್ನು ಮತ್ತೆ ನನ್ನ ಅಡ್ಡಣಿಗೆಯ ಮೇಲೆ ಇಟ್ಟಳು.

"ಹಂಗಾದ್ರೆ ನೀನೇ ಉಣ್ಣು" ಎಂದಳು.

ಉಂಡೆ. ತುತ್ತು ತುತ್ತಿಗೂ ನೀರು ಕುಡಿದು ಉಂಡೆ. ಸಣ್ಣವ್ವ ಏಳಲಿಲ್ಲ, ಅಪ್ಪಾಜಿಯೂ ಏಳಲಿಲ್ಲ. ಒಂದು ಸೌಟು ಅನ್ನ ಮುಗಿಯಲು ಎಷ್ಟು ಹೊತ್ತು ಬೇಕು ಎಂದು ನನಗೆ ಅಂದು ಗೊತ್ತಾಯಿತು. ಕೊನೆಯ ಅಗುಳು ಹೋದ ಮೇಲೆ ತಟ್ಟೆಗೆ ನೀರು ಹಾಕಿ, ಅಂಚಿನ ಚುಕ್ಕಿಗಳ ಮೇಲೆ ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದೆ.